‘ಬೆಂಕಿಗೆ ಆಹುತಿ’ ಎಂದು ಬರೆದದ್ದು ತಪ್ಪು, ಮೇಷ್ಟ್ರೇ

ಓದುಗರ ಪತ್ರ

“ಸಂಪಾದಕರಿಗೆ ನಮಸ್ಕಾರ. ಹೋದ ಸಂಚಿಕೆಯಲ್ಲಿ ಕಾಡ್ಗಿಚ್ಚಿನ ಲೇಖನದ ಪಕ್ಕ ಒಂದು ಪುಟ್ಟ ಸುದ್ದಿ ಹಾಕಿದ್ದೀರಿ. 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೆಂಕಿ ಆರಿಸುವವರನ್ನು ಹೊತ್ತ ಹೆಲಿಕಾಪ್ಟರ್ ಬಿದ್ದು ಒಂಬತ್ತು ಜನ ಸತ್ತರು ಅಂತ. ತಲೆಬರಹ ‘ಬೆಂಕಿಗೆ ಆಹುತಿ’. ಎರಡು ಸಲ ಓದಿದೆ. ಹೆಲಿಕಾಪ್ಟರ್ ಯಾಕೆ ಬಿತ್ತು ಅನ್ನೋದು ಮಾತ್ರ ಗೊತ್ತಾಗಲಿಲ್ಲ. ಬೆಂಕಿ ತಗುಲಿತೇ, ಪೈಲಟ್ ತಪ್ಪೇ, ಗ್ರಹಚಾರವೇ? 2019ರಲ್ಲಿ ನಮ್ಮ ಬಂಡೀಪುರ ಉರಿದಾಗ ವಾಯುಪಡೆಯ ಹೆಲಿಕಾಪ್ಟರ್ ಬಂದು ನೀರು ಸುರಿದದ್ದನ್ನು ಮನೆ ತಾರಸಿಯಿಂದ ನೋಡಿದ್ದೆವು. ಆವತ್ತಿನಿಂದ ನನ್ನ ಮೊಮ್ಮಗ ಹೆಲಿಕಾಪ್ಟರ್ ಪೈಲಟ್ ಆಗ್ತೀನಿ ಅಂತ ಹಟ ಹಿಡಿದಿದ್ದಾನೆ. ನಿಮ್ಮ ಸುದ್ದಿ ಓದಿದ ಮೇಲೆ ಅವನ ಅಮ್ಮ ಬೇಡವೇ ಬೇಡ ಅಂತಿದ್ದಾಳೆ. ಇನ್ನೊಂದು ಮಾತು. ಬೇಸಿಗೆಗೆ ಒಂದು ಹೆಲಿಕಾಪ್ಟರನ್ನು ಇಲ್ಲೇ ಇಟ್ಟುಬಿಟ್ಟರೆ, ಕಾಡು ಕಾಯುವ ನಮ್ಮ ವಾಚರ್ ಹುಡುಗರು ಸೊಪ್ಪು ಹಿಡಿದು ಬೆಂಕಿ ಬಡಿಯೋದು ತಪ್ಪುತ್ತದಲ್ಲವೇ?”

– ನಿವೃತ್ತ ಗಣಿತ ಶಿಕ್ಷಕರು, ಗುಂಡ್ಲುಪೇಟೆ ತಾಲ್ಲೂಕು

ಸಂಪಾದಕರ ಉತ್ತರ

ಮೇಷ್ಟ್ರೇ, ನಮಸ್ಕಾರ.

ಆ ತಲೆಬರಹ ಕೊಟ್ಟವನು ನಾನೇ. ಪುಟ ಮುದ್ರಣಕ್ಕೆ ಹೋಗುವ ರಾತ್ರಿ ಅಲ್ಲೊಂದು ಸಣ್ಣ ಜಾಗ ಉಳಿದಿತ್ತು. ಸುದ್ದಿ ಕೈಗೆ ಸಿಕ್ಕಿತು, ನಾಲ್ಕು ಸಾಲಿಗೆ ಇಳಿಸಿ ಹಾಕಿದೆ. ‘ಬೆಂಕಿಗೆ ಆಹುತಿ’ ಅನ್ನೋದು ಬೆರಳ ತುದಿಯಲ್ಲೇ ಇರುವ ಮಾತು, ತಾನಾಗಿಯೇ ಬಂದುಬಿಟ್ಟಿತು. ನಿಮ್ಮ ಪತ್ರ ಬಂದ ಮೇಲೆ ಕೂತು ತನಿಖಾ ವರದಿಯ ವಿವರ ಓದಿದೆ. ಓದುತ್ತಾ ನಾಚಿಕೆಯಾಯಿತು. ಸತ್ತ ಒಂಬತ್ತು ಜನಕ್ಕೂ ಆ ತಲೆಬರಹದಿಂದ ಅನ್ಯಾಯ ಮಾಡಿದ್ದೇನೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

2008ರ ಆಗಸ್ಟ್ 5. ಉತ್ತರ ಕ್ಯಾಲಿಫೋರ್ನಿಯಾದ ವೀವರ್‌ವಿಲ್ ಊರಿನ ಆಚೆ, ಟ್ರಿನಿಟಿ ಆಲ್ಪ್ಸ್ ಅನ್ನುವ ಗುಡ್ಡಗಾಡು. ಆ ವರ್ಷ ಜೂನ್‌ನಲ್ಲಿ ಒಂದೇ ಗುಡುಗು ಮಳೆಗೆ ಅಲ್ಲಿ ನೂರಾರು ಕಡೆ ಸಿಡಿಲು ಬಡಿದು ಕಾಡು ಹತ್ತಿಕೊಂಡಿತ್ತು. ಒಂದೂವರೆ ತಿಂಗಳಾದರೂ ಆರಿರಲಿಲ್ಲ. ದಾರಿಯಿಲ್ಲದ ಜಾಗ. ಬೆಂಕಿ ಆರಿಸುವ ಹುಡುಗರನ್ನು ಹೆಲಿಕಾಪ್ಟರಿನಲ್ಲೇ ಬಿಟ್ಟು, ಹೆಲಿಕಾಪ್ಟರಿನಲ್ಲೇ ಕರೆತರಬೇಕು. ಮರ ಕಡಿದು ಮಾಡಿದ ಒಂದು ಇಳಿದಾಣ, ಅದರ ನಂಬರ್ 44. ಎತ್ತರ ಸುಮಾರು 6,000 ಅಡಿ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಚೂರು ಕೆಳಗೆ ಅಂದುಕೊಳ್ಳಿ.

ಆ ಸಂಜೆ ಮತ್ತೆ ಗುಡುಗು ಮಳೆ ಬರುವ ಸೂಚನೆ ಇತ್ತು. ಹಾಗಾಗಿ ಮೇಲಿದ್ದವರನ್ನೆಲ್ಲ ಕೆಳಗಿಳಿಸಲು ಹೊರಟರು. ಬಂದದ್ದು ಸಿಕೋರ್ಸ್ಕಿ ಎಸ್-61 ಎನ್, ದೊಡ್ಡ ಹೆಲಿಕಾಪ್ಟರ್. ನಮ್ಮ ನೌಕಾಪಡೆಯ ಸೀ ಕಿಂಗ್ ನೋಡಿದ್ದರೆ ಗುರುತು ಸಿಗುತ್ತದೆ, ಎರಡೂ ಒಂದೇ ಮನೆತನದವು. ಅದು ಅರಣ್ಯ ಇಲಾಖೆಯದಲ್ಲ. ಕಾರ್ಸನ್ ಹೆಲಿಕಾಪ್ಟರ್ಸ್ ಅನ್ನುವ ಖಾಸಗಿ ಕಂಪನಿಯಿಂದ ಅಮೆರಿಕದ ಅರಣ್ಯ ಇಲಾಖೆ ಗುತ್ತಿಗೆಗೆ ತೆಗೆದುಕೊಂಡದ್ದು. ಎರಡು ಟ್ರಿಪ್ ಜನರನ್ನು ಇಳಿಸಿ, ಇಂಧನ ತುಂಬಿಸಿಕೊಂಡು, ಮೂರನೇ ಟ್ರಿಪ್ಪಿಗೆ ಬಂತು. ರಾತ್ರಿ 7.40ರ ಸುಮಾರು. ಒಳಗೆ 13 ಜನ: ಇಬ್ಬರು ಪೈಲಟ್, ಅರಣ್ಯ ಇಲಾಖೆಯ ಒಬ್ಬ ಪರೀಕ್ಷಕ ಪೈಲಟ್, ಹತ್ತು ಜನ ಬೆಂಕಿ ಆರಿಸುವ ಹುಡುಗರು. ಅವರಲ್ಲಿ ಹತ್ತೊಂಬತ್ತು ವರ್ಷದವರೂ ಇದ್ದರು, ನಿಮ್ಮ ಮೊಮ್ಮಗನಿಗಿಂತ ಒಂದೆರಡು ವರ್ಷ ದೊಡ್ಡವರು ಅಷ್ಟೇ.

ಹೆಲಿಕಾಪ್ಟರ್ ನೆಲ ಬಿಟ್ಟಿತು. ನೆಲದ ಹತ್ತಿರ ಇರುವಾಗ ಮೇಲಿನ ರೆಕ್ಕೆ ತಳ್ಳಿದ ಗಾಳಿ ನೆಲಕ್ಕೆ ಬಡಿದು ಸ್ವಲ್ಪ ಆಸರೆ ಕೊಡುತ್ತದೆ. ಮೇಲೆ ಹೋದಂತೆ ಆ ಆಸರೆ ಇರುವುದಿಲ್ಲ, ಆಗ ಇಂಜಿನ್ನೇ ಪೂರ್ತಿ ಭಾರ ಹೊರಬೇಕು. ಇಂಜಿನ್ ಬಲ ಸಾಲದೆ ಹೋದರೆ ರೆಕ್ಕೆ ತಿರುಗುವ ವೇಗವೇ ಇಳಿಯತೊಡಗುತ್ತದೆ. ಪೈಲಟ್‌ಗಳು ಅದಕ್ಕೆ ‘ಡ್ರೂಪ್’ ಅನ್ನುತ್ತಾರೆ. ಏರಿನಲ್ಲಿ ಓವರ್‌ಲೋಡ್ ಲಾರಿಯ ಇಂಜಿನ್ ಗೊರಗೊರ ಅಂದು ಸೊರಗುತ್ತದಲ್ಲ, ಆ ಥರ. ಲಾರಿಯಾದರೆ ಅಲ್ಲೇ ನಿಲ್ಲುತ್ತದೆ, ಗಾಲಿಗೆ ಕಲ್ಲು ಕೊಡಬಹುದು. ಹೆಲಿಕಾಪ್ಟರ್‌ಗೆ ಆ ಭಾಗ್ಯ ಇಲ್ಲ. ಅದು ಮರಗಳಿಗೆ ತಾಗಿತು, ಇಳಿಜಾರಿನಲ್ಲಿ ಬಿದ್ದಿತು, ಬಿದ್ದ ಕೂಡಲೇ ಟ್ಯಾಂಕ್ ಒಡೆದು ಹೊತ್ತಿಕೊಂಡಿತು. ಒಂಬತ್ತು ಜನ ಹೋದರು, ನಾಲ್ವರು ಗಾಯಗಳೊಂದಿಗೆ ಉಳಿದರು. ಸತ್ತವರಲ್ಲಿ ಏಳು ಜನ ಆ ಹುಡುಗರು. ಇನ್ನಿಬ್ಬರು ಒಬ್ಬ ಪೈಲಟ್ ಮತ್ತು ಆ ಪರೀಕ್ಷಕ.

ಇಲ್ಲಿ ಒಂದು ವಿಷಯ ಗಮನಿಸಿ. ಅವರು ಸುಟ್ಟುಹೋದದ್ದು ತಮ್ಮದೇ ಹೆಲಿಕಾಪ್ಟರಿನ ಇಂಧನದ ಬೆಂಕಿಯಲ್ಲಿ. ಕಾಡ್ಗಿಚ್ಚು ಅವರನ್ನು ಮುಟ್ಟಲೇ ಇಲ್ಲ. ನನ್ನ ತಲೆಬರಹ ಓದಿದವರು ಏನೆಂದುಕೊಂಡಿರುತ್ತಾರೆ, ಅಲ್ವಾ?

ಈಗ ನಿಮ್ಮ ಎರಡನೇ ಪ್ರಶ್ನೆ: ಪೈಲಟ್ ತಪ್ಪೇ? ನೀವು ಗಣಿತ ಹೇಳಿಕೊಟ್ಟವರು, ಹಾಗಾಗಿ ನಿಮ್ಮ ಭಾಷೆಯಲ್ಲೇ ಹೇಳುತ್ತೇನೆ. ಒಬ್ಬ ಹುಡುಗ ಲೆಕ್ಕದ ಎಲ್ಲ ಹಂತವನ್ನೂ ಸರಿಯಾಗಿ ಮಾಡಿದ್ದಾನೆ. ಕೂಡಿದ್ದು ಸರಿ, ಕಳೆದದ್ದು ಸರಿ, ಉತ್ತರ ಮಾತ್ರ ತಪ್ಪು. ನೋಡಿದರೆ ಬೋರ್ಡಿನ ಮೇಲೆ ಬರೆದುಕೊಟ್ಟ ಸಂಖ್ಯೆಯೇ ಸುಳ್ಳು. ನೀವು ಆ ಹುಡುಗನಿಗೆ ಸೊನ್ನೆ ಕೊಡುತ್ತೀರಾ?

ಹೆಲಿಕಾಪ್ಟರ್ ಹಾರಿಸುವ ಮುಂಚೆ ಪೈಲಟ್‌ಗಳು ಕಾಗದದ ಮೇಲೆ ಒಂದು ಲೆಕ್ಕ ಮಾಡುತ್ತಾರೆ. ಖಾಲಿ ಹೆಲಿಕಾಪ್ಟರ್ ಎಷ್ಟು ತೂಗುತ್ತದೆ, ಇಂಧನ ಎಷ್ಟು, ತಮ್ಮ ಮೈತೂಕ ಎಷ್ಟು. ಹೋಗುವ ಜಾಗ ಎಷ್ಟು ಎತ್ತರ, ಅಲ್ಲಿ ಎಷ್ಟು ಸೆಕೆ. ಎತ್ತರ ಹೆಚ್ಚಿದಷ್ಟೂ ಸೆಕೆ ಹೆಚ್ಚಿದಷ್ಟೂ ಗಾಳಿ ತೆಳು, ಹೊರುವ ಶಕ್ತಿ ಕಮ್ಮಿ. ಇಂತಿಷ್ಟು ಎತ್ತರದಲ್ಲಿ, ಇಂತಿಷ್ಟು ಸೆಕೆಯಲ್ಲಿ ಇಂಜಿನ್ ಇಂತಿಷ್ಟು ಬಲ ಕೊಡುತ್ತದೆ ಅನ್ನುವ ಗ್ರಾಫ್ ಕೈಲಿರುತ್ತದೆ. ಬೆರಳಿಟ್ಟು ನೋಡಿ, ಇನ್ನು ಎಷ್ಟು ಜನರನ್ನು ಹತ್ತಿಸಬಹುದು ಅಂತ ತೀರ್ಮಾನ ಮಾಡುತ್ತಾರೆ. ಆ ದಿನವೂ ಅದನ್ನೇ ಮಾಡಿದ್ದರು.

ಅವರ ಕೈಲಿದ್ದ ಕಾಗದದಲ್ಲೇ ಮೋಸ ಇತ್ತು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಎರಡು ವರ್ಷಕ್ಕೂ ಜಾಸ್ತಿ ತನಿಖೆ ಮಾಡಿ 2010ರ ಡಿಸೆಂಬರ್‌ನಲ್ಲಿ ಹೇಳಿದ್ದು ಇದನ್ನೇ. ಕಂಪನಿ ಬೇಕೆಂದೇ ಹೆಲಿಕಾಪ್ಟರಿನ ಖಾಲಿ ತೂಕವನ್ನು ಕಮ್ಮಿ ಬರೆದಿತ್ತು. ಎಷ್ಟು ಕಮ್ಮಿ? 1,400 ಪೌಂಡಿಗೂ ಹೆಚ್ಚು, ಅಂದರೆ ಸುಮಾರು 650 ಕೆಜಿ. ಹದಿಮೂರು ಮೂಟೆ ಸಿಮೆಂಟ್. ಕಾಗದದಲ್ಲಿಲ್ಲದ ಹದಿಮೂರು ಮೂಟೆಯನ್ನು ಆ ಹೆಲಿಕಾಪ್ಟರ್ ಪ್ರತಿ ಸಲ ಹೊತ್ತು ಹಾರುತ್ತಿತ್ತು.

ಸಾಲದ್ದಕ್ಕೆ ಗ್ರಾಫನ್ನೂ ತಿದ್ದಿದ್ದರು. ತುರ್ತಿನಲ್ಲಿ ಎರಡೂವರೆ ನಿಮಿಷ ಮಾತ್ರ ಇಂಜಿನ್‌ನಿಂದ ಹಿಂಡಬಹುದಾದ ಬಲದ ಗ್ರಾಫ್ ಒಂದಿರುತ್ತದೆ. ಮಾಮೂಲು ಟೇಕಾಫಿಗೆ ಬಳಸುವ ಬಲದ ಗ್ರಾಫ್ ಬೇರೆ. ಮೊದಲನೆಯದರ ಮೇಲಿನ ಹೆಸರು ಬದಲಾಯಿಸಿ, ಇದೇ ಎರಡನೆಯದು ಅಂತ ಮಾಡಿಟ್ಟಿದ್ದರು. ಒಂದು ಕಡೆ ತೂಕ ಕಮ್ಮಿ ತೋರಿಸಿದ್ದು, ಇನ್ನೊಂದು ಕಡೆ ಬಲ ಜಾಸ್ತಿ ತೋರಿಸಿದ್ದು. ಎರಡೂ ಸೇರಿದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಿಲ್ಲ.

ಯಾಕೆ ಹೀಗೆ ಮಾಡಿದರು? ಗುತ್ತಿಗೆಗಾಗಿ. ಅರಣ್ಯ ಇಲಾಖೆ ಟೆಂಡರ್ ಕರೆದಾಗ, ಇಂತಿಷ್ಟು ಎತ್ತರದಲ್ಲಿ ಇಂತಿಷ್ಟು ಭಾರ ಹೊರಬೇಕು ಅನ್ನೋದು ಷರತ್ತು. ಜಾಸ್ತಿ ಹೊರುತ್ತೇನೆ ಅಂದವನಿಗೆ ಕೆಲಸ ಸಿಗುವ ಸಾಧ್ಯತೆ ಜಾಸ್ತಿ. ಸಂತೆಯಲ್ಲಿ ತಕ್ಕಡಿ ತಟ್ಟೆಯ ಕೆಳಗೆ ಹುಣಸೆಹಣ್ಣು ಅಂಟಿಸುವ ಬುದ್ಧಿಯೇ ಇದು. ಆ ಮೋಸದಲ್ಲಿ ಕಾಲು ಕೆಜಿ ಈರುಳ್ಳಿ ಹೋಗುತ್ತದೆ. ಇಲ್ಲಿ ಒಂಬತ್ತು ಜೀವ ಹೋಯಿತು.

ಅಪಘಾತ ಆದ ಮೇಲೆ ಅದೇ ಕಂಪನಿಯ ಬೇರೆ ಹೆಲಿಕಾಪ್ಟರ್‌ಗಳನ್ನೂ ತೂಗಿದರು. ಕೆಲವು ಕಾಗದದಲ್ಲಿ ಇದ್ದದ್ದಕ್ಕಿಂತ ಹೆಚ್ಚು ತೂಗಿದವು. ನಮ್ಮಲ್ಲಿ ‘ಹೊಳೆಗೆ ಸುರಿದರೂ ಅಳೆದು ಸುರಿ’ ಅಂತಾರೆ. ಆ ಮಾತು ಇಷ್ಟು ನಿಜವಾಗಿ ನನಗೆ ಹಿಂದೆಂದೂ ಕೇಳಿಸಿರಲಿಲ್ಲ. ತೂಗುವ ಯಂತ್ರ ಇತ್ತು, ತೂಗುವ ನಿಯಮ ಇತ್ತು, ತೂಗಿಸಿ ನೋಡಬೇಕಾದ ಅಧಿಕಾರಿಗಳೂ ಇದ್ದರು. ಒಂಬತ್ತು ಶವ ಇಳಿಸಿದ ಮೇಲೆ ತೂಗಿದರು. ಸರಿಯಾಗಿ ಮೇಲ್ವಿಚಾರಣೆ ಮಾಡಲಿಲ್ಲ ಅಂತ ಅರಣ್ಯ ಇಲಾಖೆಯನ್ನೂ, ವಿಮಾನಯಾನದ ನಿಯಂತ್ರಣ ನೋಡುವ ಎಫ್‌ಎಎಯನ್ನೂ ಮಂಡಳಿ ನೇರವಾಗಿ ಕಾರಣಗಳ ಪಟ್ಟಿಗೆ ಸೇರಿಸಿದೆ.

ಪೈಲಟ್‌ಗಳ ಬಗ್ಗೆಯೂ ವರದಿಯಲ್ಲಿ ಒಂದು ಮಾತಿದೆ, ಅದನ್ನು ಮುಚ್ಚಿಡಬಾರದು. ಮೊದಲಿನ ಎರಡು ಟ್ರಿಪ್ಪಿನಲ್ಲೂ ಅದೇ ಜಾಗದಿಂದ ಏಳುವಾಗ ಹೆಲಿಕಾಪ್ಟರ್ ತನ್ನ ಶಕ್ತಿಯ ಕೊನೆಯ ಅಂಚಿಗೆ ಬಂದಿತ್ತು. ಅವರು ನಿಂತು ‘ಯಾಕೆ ಹೀಗೆ’ ಅಂತ ಕೇಳಿಕೊಳ್ಳಲಿಲ್ಲ. ಯಾಕೆಂದರೆ ಅಂಚಿನಲ್ಲೇ ಹಾರಿಸಿ ಹಾರಿಸಿ ಅವರಿಗೆ ಅಂಚೇ ಮಾಮೂಲಾಗಿಬಿಟ್ಟಿತ್ತು. ಈ ಸಾಲನ್ನು ನಾನು ತುಂಬಾ ಹೊತ್ತು ನೋಡುತ್ತಾ ಕೂತಿದ್ದೆ. ಸುಳ್ಳು ಅಂಕಿ ಕೊಟ್ಟವರು ಅವರಿಗೆ ಆ ಅಭ್ಯಾಸವನ್ನೂ ಕೊಟ್ಟಿದ್ದರು ಅನ್ನಿಸಿತು. ಕಾಗದದ ಪ್ರಕಾರ ಎಲ್ಲ ಸರಿ ಇದೆ, ಹೆಲಿಕಾಪ್ಟರ್ ಮಾತ್ರ ಏದುಸಿರು ಬಿಡುತ್ತಿದೆ. ದಿನಾ ಹಾಗೇ ಆದರೆ ಏದುಸಿರೇ ಸಹಜ ಅನ್ನಿಸೋದಿಲ್ಲವೇ?

ಇನ್ನೊಂದು ವಿಷಯ ಹೇಳದಿದ್ದರೆ ಪೂರ್ತಿ ಹೇಳಿದಂತಾಗುವುದಿಲ್ಲ. ಬದುಕಿ ಉಳಿದ ಪೈಲಟ್ ಕಡೆಯವರು, ಇಂಜಿನ್ನೇ ಕೈಕೊಟ್ಟಿತು ಅಂತ ವಾದಿಸಿದರು. 2012ರಲ್ಲಿ ಪೋರ್ಟ್‌ಲ್ಯಾಂಡಿನ ಜ್ಯೂರಿ, ಅಂದರೆ ಕೋರ್ಟಿನಲ್ಲಿ ತೀರ್ಪು ಹೇಳಲು ಕೂರಿಸುವ ಜನಸಾಮಾನ್ಯರ ತಂಡ, ಅದನ್ನು ಒಪ್ಪಿ, ಇಂಜಿನ್ ಮಾಡಿದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಮೇಲೆ ಅರ್ಧಕ್ಕಿಂತ ಹೆಚ್ಚು ಹೊಣೆ ಹೊರಿಸಿತು. ತನಿಖಾ ಮಂಡಳಿ ಮಾತ್ರ ಇಂಜಿನ್ ಸರಿಯಾಗಿಯೇ ಇತ್ತು ಎಂಬ ತನ್ನ ಮಾತಿಗೆ ನಿಂತಿತು. ನನಗೆ ಮಂಡಳಿಯ ಮಾತೇ ಸರಿ ಅನ್ನಿಸುತ್ತದೆ. ತೂಕದ ಮೋಸ ವಾದದಲ್ಲೇ ನಿಲ್ಲಲಿಲ್ಲ, ಮುಂದೆ ಕ್ರಿಮಿನಲ್ ಕೇಸಾಯಿತು. ಕಂಪನಿಯ ಆಗಿನ ಉಪಾಧ್ಯಕ್ಷ ತಪ್ಪೊಪ್ಪಿಕೊಂಡ. 2015ರಲ್ಲಿ ಅವನಿಗೆ 12 ವರ್ಷ 7 ತಿಂಗಳ ಜೈಲಾಯಿತು. ಜೊತೆಗಿದ್ದ ಇನ್ನೊಬ್ಬನಿಗೆ ಎರಡು ವರ್ಷದ ಮೇಲೆ ಒಂದು ತಿಂಗಳು.

ಬಿದ್ದ ಮೇಲಾದರೂ ಉಳಿಯಬಹುದಿತ್ತು ಅನ್ನೋದು ಇನ್ನೂ ಸಂಕಟದ ವಿಷಯ. ಸೀಟುಗಳು ಬಿದ್ದ ಹೊಡೆತಕ್ಕೆ ನೆಲದಿಂದ ಕಿತ್ತುಬಂದವು. ಟ್ಯಾಂಕ್ ಪೆಟ್ಟು ತಡೆಯುವಂಥದ್ದಾಗಿರಲಿಲ್ಲ. ಸೀಟ್ ಬೆಲ್ಟಿನ ಕೊಂಡಿ ಆ ಗಾಬರಿಯಲ್ಲಿ ತಟ್ಟನೆ ಬಿಚ್ಚಿಕೊಳ್ಳಲು ಒಗ್ಗುವಂಥದ್ದಲ್ಲ. ಹೊರಗೆ ಬರಲು ಕೆಲವೇ ಸೆಕೆಂಡು ಇದ್ದಾಗ ಕೈ ಒಂದು ಕೊಂಡಿಯ ಮೇಲೆ ತಡಕಾಡುವುದನ್ನು ಯೋಚಿಸಿ. ಇದನ್ನು ಬರೆಯುವಾಗ ನನಗೆ ಕೈ ಓಡುತ್ತಿಲ್ಲ.

ಇದು ಎಲ್ಲೋ ಒಂದು ಕಡೆ ಆದದ್ದು ಅಂತ ಬಿಡೋಣವೆಂದರೆ, ಬೇರೆ ಕೆಲವನ್ನು ನೋಡಿದಾಗಲೂ ಅದೇ ಕಾಣುತ್ತದೆ. 2022ರ ಜುಲೈ 21ರಂದು ಅಮೆರಿಕದ ಐಡಾಹೋ ರಾಜ್ಯದಲ್ಲಿ ಕಾಡ್ಗಿಚ್ಚಿಗೆ ನೀರು ಹೊರುತ್ತಿದ್ದ ಚಿನೂಕ್ ಹೆಲಿಕಾಪ್ಟರ್ ಸಾಲ್ಮನ್ ನದಿಗೆ ಬಿತ್ತು. ಇಬ್ಬರು ಪೈಲಟ್‌ಗಳೂ ಸತ್ತರು. ಕಾರಣ ಏನು ಗೊತ್ತಾ? ಒಂದು ಐಪ್ಯಾಡ್. ಕಟ್ಟಿ ಭದ್ರ ಮಾಡಿರದ ಐಪ್ಯಾಡ್ ಜಾರಿ ಕಾಲಿನ ಪೆಡಲ್ ಸಂದಿಗೆ ಸಿಕ್ಕಿಕೊಂಡಿತು. ಪೆಡಲ್ ಅಲುಗದೆ ಹೆಲಿಕಾಪ್ಟರ್ ಎಡಕ್ಕೆ ತಿರುಗುತ್ತಾ ಕೆಳಗೆ ಹೋಯಿತು. ತನಿಖೆಯವರು ಐಪ್ಯಾಡಿನ ಮೇಲೆ ಬಿದ್ದ ಗುರುತನ್ನು ಪೆಡಲಿನ ಅಂಚಿಗೆ ಹೊಂದಿಸಿ ನೋಡಿ ಇದನ್ನು ಕಂಡುಹಿಡಿದರು. ನಿಮ್ಮ ನಮ್ಮ ಮನೆಯಲ್ಲಿ ಮಕ್ಕಳು ಸೋಫಾ ಮೇಲೆ ಬಿಸಾಕುವ ವಸ್ತು ಅದು.

2023ರ ಆಗಸ್ಟ್ 6ರಂದು ದಕ್ಷಿಣ ಕ್ಯಾಲಿಫೋರ್ನಿಯಾದ ಕಬಜಾನ್ ಹತ್ತಿರ ಒಂದೇ ಬೆಂಕಿಗೆ ಹೋದ ಎರಡು ಹೆಲಿಕಾಪ್ಟರ್‌ಗಳು ಆಕಾಶದಲ್ಲೇ ಡಿಕ್ಕಿಯಾದವು. ದೊಡ್ಡದು ಹೇಗೋ ಇಳಿಯಿತು. ಚಿಕ್ಕದರಲ್ಲಿದ್ದ ಮೂವರೂ ಹೋದರು. 2025ರ ಮಾರ್ಚ್‌ನಲ್ಲಿ ದಕ್ಷಿಣ ಕೊರಿಯಾದ ಉಯಿಸಾಂಗ್‌ನಲ್ಲಿ ಬೆಂಕಿ ಆರಿಸುತ್ತಿದ್ದ ಹೆಲಿಕಾಪ್ಟರ್ ಬಿದ್ದಿತು. ಒಬ್ಬನೇ ಇದ್ದ ಪೈಲಟ್‌ಗೆ 73 ವರ್ಷ. ಹೆಲಿಕಾಪ್ಟರ್‌ಗೆ 30. ಹತ್ತೇ ಹನ್ನೊಂದು ದಿನಕ್ಕೆ ಡೇಗುನಲ್ಲಿ ಇನ್ನೊಂದು, ಅಲ್ಲಿಯ ಪೈಲಟ್‌ಗೆ 74. ವಯಸ್ಸೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆ ವಯಸ್ಸಿನವರನ್ನು ಅಷ್ಟು ಹಳೆಯ ಯಂತ್ರದಲ್ಲಿ ಹೊಗೆಯ ನಡುವೆ ಒಬ್ಬರನ್ನೇ ಕಳಿಸುವ ಸ್ಥಿತಿ ಯಾಕೆ ಬಂತು ಅನ್ನೋದನ್ನು ಕೇಳಲೇಬೇಕಲ್ಲ?

ನೋಡಿ ಮೇಷ್ಟ್ರೇ, ಈ ಯಾವುದರಲ್ಲೂ ಜ್ವಾಲೆ ಮೇಲೆದ್ದು ಹೆಲಿಕಾಪ್ಟರನ್ನು ಹಿಡಿಯಲಿಲ್ಲ. ನಾವು ಪತ್ರಿಕೆಯವರು ಮಾತ್ರ ಪ್ರತಿ ಸಲವೂ ‘ಬಲಿ’, ‘ಆಹುತಿ’, ‘ಹುತಾತ್ಮ’ ಅಂತ ಬರೆದುಬಿಡುತ್ತೇವೆ. ಗೌರವದ ಮಾತುಗಳೇ, ಅವರು ಆ ಗೌರವಕ್ಕೆ ಅರ್ಹರೇ. ಆದರೆ ಆ ಮಾತು ಮೊದಲ ದಿನವೇ ಬಂದುಬಿಟ್ಟರೆ ಎರಡನೇ ದಿನ ಯಾರೂ ತೂಕದ ಚೀಟಿ ಕೇಳುವುದಿಲ್ಲ. ಬೆಂಕಿಯ ಮೇಲೆ ಕೇಸ್ ಹಾಕಲಾಗುವುದಿಲ್ಲವಲ್ಲ. ಕಾರ್ಸನ್ ಪ್ರಕರಣದಲ್ಲಿ ಯಾರೋ ಕೂತು ಹಳೆಯ ತೂಕದ ಕಾಗದಗಳನ್ನು ಒಂದೊಂದಾಗಿ ಹೋಲಿಸಿ ನೋಡಿದ್ದರಿಂದ ನಿಜ ಹೊರಗೆ ಬಂತು.

ಈಗ ಬಂಡೀಪುರಕ್ಕೆ ಬರೋಣ. 2019ರ ಫೆಬ್ರವರಿಯ ಬೆಂಕಿಯಾದ ಮೇಲೆ ಮಾರ್ಚ್‌ನಲ್ಲಿ ನಾನೂ ಅಲ್ಲಿಗೆ ಬಂದಿದ್ದೆ. ಗೋಪಾಲಸ್ವಾಮಿ ಬೆಟ್ಟದ ಕಡೆ ನಡೆದರೆ ಚಪ್ಪಲಿ ಬೂದಿಯಲ್ಲಿ ಹುದುಗುತ್ತಿತ್ತು. ಒಬ್ಬ ವಾಚರ್ ತನ್ನ ಚಪ್ಪಲಿ ತಿರುಗಿಸಿ ತೋರಿಸಿದ. ಮಾಮೂಲು ಹವಾಯಿ ಚಪ್ಪಲಿ. ಹಿಮ್ಮಡಿಯ ಕಡೆ ರಬ್ಬರ್ ಕರಗಿ ಗಟ್ಟಿಯಾಗಿ ಸುಟ್ಟ ಹಪ್ಪಳದ ಹಾಗೆ ಮುರುಟಿಕೊಂಡಿತ್ತು. ‘ಇದನ್ನೇ ಹಾಕ್ಕೊಂಡು ಮೂರು ದಿನ ಬಡಿದ್ವಿ ಸಾರ್’ ಅಂದ. ಸಿಟ್ಟಿನಿಂದ ಹೇಳಿದ್ದಲ್ಲ, ಸುಮ್ನೆ ಹೇಳಿದ.

ನೀವು ತಾರಸಿಯಿಂದ ನೋಡಿದ್ದು ವಾಯುಪಡೆಯ ಎಂಐ-17. ಅದರ ಹೊಟ್ಟೆಯ ಕೆಳಗೆ ತೂಗುವ ಬಕೆಟ್‌ಗೆ ಬಾಂಬಿ ಬಕೆಟ್ ಅಂತ ಹೆಸರು. ಒಂದು ಸಲಕ್ಕೆ ಸುಮಾರು ಮೂರೂವರೆ ಸಾವಿರ ಲೀಟರ್ ಹಿಡಿಯುತ್ತದೆ. ಬರಗಾಲದಲ್ಲಿ ಊರಿಗೆ ಬರುವ ಟ್ರ್ಯಾಕ್ಟರ್ ಟ್ಯಾಂಕರಿನ ಲೆಕ್ಕ. ತೂಕದಲ್ಲಿ ಹೇಳಿದರೆ ಎಪ್ಪತ್ತು ಮೂಟೆ ಸಿಮೆಂಟ್ ಹಗ್ಗದಲ್ಲಿ ನೇತಾಡುತ್ತಿರುತ್ತದೆ, ಅದನ್ನು ಹೊತ್ತುಕೊಂಡೇ ಹೊಗೆಯೊಳಗೆ ಬೆಟ್ಟದ ಪಕ್ಕ ತಗ್ಗಿ ಹಾರಬೇಕು. ಆ ಪೈಲಟ್‌ಗಳ ಕೈಚಳಕಕ್ಕೆ ನಾನೂ ಕೈಮುಗಿಯುತ್ತೇನೆ.

ಆದರೂ ಹೆಲಿಕಾಪ್ಟರನ್ನು ಇಲ್ಲೇ ಇಟ್ಟುಬಿಡುವ ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ ‘ಇಲ್ಲ’. ಹೆಲಿಕಾಪ್ಟರ್ ಬಂದರೂ ಸೊಪ್ಪು ಹಿಡಿದು ಬಡಿಯುವುದು ತಪ್ಪುವುದಿಲ್ಲ. ಮೇಲಿಂದ ಬಿದ್ದ ನೀರು ಜ್ವಾಲೆಯನ್ನು ಕುಗ್ಗಿಸುತ್ತದೆ, ಮುಂದಕ್ಕೆ ಹಬ್ಬುವುದನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ಬಿದ್ದ ಮರದ ಬೊಡ್ಡೆಯೊಳಗೆ, ಒಣಗಿದ ಲಂಟಾನದ ಬುಡದಲ್ಲಿ, ಆನೆ ಲದ್ದಿಯಲ್ಲಿ ಕೂತ ಕೆಂಡವನ್ನು ಆರಿಸುವುದು ನೆಲದ ಮೇಲಿನ ಮನುಷ್ಯನೇ. ಅವನು ಹಿಂದೆಯೇ ಹೋಗಿ ಕೆದಕಿ ಆರಿಸದಿದ್ದರೆ ಸಂಜೆಯ ಗಾಳಿಗೆ ಮತ್ತೆ ಹತ್ತುತ್ತದೆ. ಹೆಲಿಕಾಪ್ಟರ್ ತೀರಾ ತಗ್ಗಿ ಬಂದರೆ ಅದರದೇ ಗಾಳಿ ಕಿಡಿಯನ್ನು ಆಚೆ ಹಾರಿಸುವುದೂ ಉಂಟು.

ಇನ್ನೊಂದು ಲೆಕ್ಕ ನೋಡಿ. ಆ ಸಲ ಹೆಲಿಕಾಪ್ಟರ್ ಬಂದದ್ದು ಬೆಂಕಿ ಹತ್ತಿ ನಾಲ್ಕು ದಿನವಾದ ಮೇಲೆ. ಅಷ್ಟರಲ್ಲಿ ಸಾವಿರಾರು ಹೆಕ್ಟೇರ್ ಹೋಗಿತ್ತು. ಮೊದಲ ಅರ್ಧ ಗಂಟೆಯಲ್ಲಿ ಹತ್ತು ಜನ ಓಡಿ ಹೋಗಿದ್ದರೆ ಆರಿಸಬಹುದಾದ ಬೆಂಕಿಯನ್ನು ನಾಲ್ಕನೇ ದಿನ ನೂರು ಹೆಲಿಕಾಪ್ಟರ್ ಬಂದರೂ ಆರಿಸುವುದು ಕಷ್ಟ. ಕ್ಯಾಲಿಫೋರ್ನಿಯಾದ ಆ ಬೆಂಕಿ ಸಿಡಿಲಿನದು. ನಮ್ಮ ಕಾಡಿಗೆ ಫೆಬ್ರವರಿಯಲ್ಲಿ ಸಿಡಿಲು ಬಡಿಯುತ್ತದೆಯೇ? ಯಾರು ಹಚ್ಚುತ್ತಾರೆ, ಯಾಕೆ ಹಚ್ಚುತ್ತಾರೆ ಅನ್ನೋದು ನಿಮ್ಮೂರಿನಲ್ಲಿ ನನಗಿಂತ ಚೆನ್ನಾಗಿ ಗೊತ್ತು. ಬೇಸಿಗೆಗೆ ಮುಂಚೆ ಬೆಂಕಿ ರೇಖೆ (ಬೆಂಕಿ ದಾಟದಂತೆ ಹುಲ್ಲು ಪೊದೆ ತೆಗೆದ ಪಟ್ಟಿ) ಸರಿಯಾಗಿ ಸವರುವುದು, ವಾಚರ್‌ಗಳಿಗೆ ತಿಂಗಳಿಗೆ ಸರಿಯಾಗಿ ಕೂಲಿ, ಕಾಲಿಗೆ ಬೂಟು, ಬೆನ್ನಿಗೆ ನೀರಿನ ಪಂಪು. ಹೆಲಿಕಾಪ್ಟರಿನ ದುಡ್ಡಿನಲ್ಲಿ ಇದೆಷ್ಟು ಆಗುತ್ತದೆ ಅಂತ ಯಾರಾದರೂ ಕೂತು ಲೆಕ್ಕ ಹಾಕಬೇಕು.

ನಮ್ಮಲ್ಲೂ ನೆಲದ ಮೇಲೆ ಸತ್ತವರಿದ್ದಾರೆ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲೇ ಬೆಂಕಿ ಆರಿಸಲು ಹೋದ ಒಬ್ಬ ಯುವ ಅರಣ್ಯ ರಕ್ಷಕ ತೀರಿಕೊಂಡ. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಡೆ ಇನ್ನೊಬ್ಬರು. ಇಬ್ಬರಿಗೂ ಸೆಲ್ಯೂಟ್ ಸಿಕ್ಕಿತು, ಸಿಗಬೇಕಾದದ್ದೇ. ಅವರು ಆ ದಿನ ಏನು ತೊಟ್ಟಿದ್ದರು, ಎಷ್ಟು ಜನ ಜೊತೆಗಿದ್ದರು, ಗಾಳಿ ತಿರುಗಿದ್ದನ್ನು ಹೇಳಲು ಕೈಲಿ ವಾಕಿಟಾಕಿ ಇತ್ತೇ ಅಂತ ನಾವು ಪತ್ರಿಕೆಯವರು ಎಷ್ಟು ಜನ ಕೇಳಿದೆವು? ನಾನಂತೂ ಕೇಳಲಿಲ್ಲ.

ನಿಮ್ಮ ಮೊಮ್ಮಗನ ವಿಷಯ. ಮನೆಯ ತೀರ್ಮಾನ ನಿಮ್ಮದು, ಅವನ ಅಮ್ಮನದು. ನನ್ನನ್ನು ಕೇಳಿದರೆ ಕಳಿಸಿ ಅನ್ನುತ್ತೇನೆ. ಗಣಿತ ಚೆನ್ನಾಗಿ ಕಲಿಸಿ ಕಳಿಸಿ. ಆ ತಾಯಿಗೆ ಈ ಉತ್ತರವನ್ನು ಪೂರ್ತಿ ಓದಿ ಹೇಳಿ. ಹೋದ ಸಂಚಿಕೆಯ ನಾಲ್ಕು ಸಾಲು ಅವರನ್ನು ಹೆದರಿಸಿತು, ಯಾಕೆ ಬಿತ್ತು ಅಂತ ಹೇಳಲಿಲ್ಲ. ಗೊತ್ತಿಲ್ಲದ ಕಾರಣಕ್ಕೆ ಹೆದರುವ ಬದಲು ಗೊತ್ತಿರುವ ಕಾರಣಕ್ಕೆ ಹುಷಾರಾಗುವುದು ಸುಲಭ. ಅವನು ಪೈಲಟ್ ಆದ ಮೇಲೆ ಯಾರಾದರೂ ತೂಕದ ಚೀಟಿ ಕೊಟ್ಟರೆ, ‘ಇದನ್ನು ಯಾವಾಗ ತೂಗಿದ್ದು, ಯಾರು ತೂಗಿದ್ದು’ ಅಂತ ಕೇಳುವ ಅಭ್ಯಾಸ ಈಗಿನಿಂದಲೇ ಇರಲಿ. ಕೇಳಿದರೆ ಮೇಲಿನವರು ಮುಖ ಸಿಂಡರಿಸಬಹುದು. ಸಿಂಡರಿಸಲಿ.

ಮುಂದಿನ ಸಂಚಿಕೆಯಲ್ಲಿ ಆ ಸುದ್ದಿಯನ್ನು ಅದೇ ಪುಟದಲ್ಲಿ, ಅದೇ ಜಾಗದಲ್ಲಿ ತಿದ್ದಿ ಹಾಕುತ್ತಿದ್ದೇನೆ. ತಲೆಬರಹ ‘ಸುಳ್ಳು ತೂಕಕ್ಕೆ ಒಂಬತ್ತು ಜೀವ’.

ನನ್ನದೊಂದು ಕೋರಿಕೆ. ನಿಮ್ಮ ಸುತ್ತಮುತ್ತಲ ವಾಚರ್ ಹುಡುಗರಲ್ಲಿ ಹಲವರು ನಿಮ್ಮ ಶಿಷ್ಯರೇ ಇರಬೇಕು. ಈ ಬೇಸಿಗೆಗೆ ಅವರಿಗೆ ಬೂಟು ಬಂತೇ, ಕೂಲಿ ಯಾವ ತಿಂಗಳವರೆಗೆ ಸಿಕ್ಕಿದೆ, ಬೆಂಕಿ ರೇಖೆ ಎಲ್ಲಿಯವರೆಗೆ ಸವರಿದ್ದಾರೆ ಅಂತ ಕೇಳಿ ಬರೆದು ಕಳಿಸುತ್ತೀರಾ? ಹೆಸರು ಬೇಡ. ಎಷ್ಟು ಉದ್ದವಾದರೂ ಸರಿ. ಮಾರ್ಚ್ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟುಕೊಂಡು ಕಾಯುತ್ತಿರುತ್ತೇನೆ.

– ಸಂಪಾದಕ